ಎಂಜಿನ್ ಮೂರು ಸುತ್ತು, ಪ್ರೊಪೆಲ್ಲರ್ ಒಂದು ಸುತ್ತು

ನಾವು ತುಳಿಯುವ ಸೈಕಲ್ಲಿನಲ್ಲಿ ಪೆಡಲಿನ ದೊಡ್ಡ ಹಲ್ಲಿನ ಚಕ್ರ ಹಿಂದಿನ ಚಿಕ್ಕ ಚಕ್ರವನ್ನು ತಿರುಗಿಸುತ್ತದೆ. ಅದಕ್ಕೇ ಗಾಲಿಯ ವೇಗ ಹೆಚ್ಚು. ಅಮೆರಿಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1903ರ ವಿಮಾನದಲ್ಲಿ ಇದನ್ನೇ ತಿರುಗುಮುರುಗು ಮಾಡಿದರು. ಎಂಜಿನ್ ಕಡೆಯ ಚಕ್ರಕ್ಕೆ 8 ಹಲ್ಲು, ಪ್ರೊಪೆಲ್ಲರ್ ಕಡೆಯದಕ್ಕೆ 23, ನಡುವೆ ಚೈನು. ಎಂಜಿನ್ ಹೆಚ್ಚುಕಡಿಮೆ ಮೂರು ಸುತ್ತು ಹಾಕಿದರೆ ಪ್ರೊಪೆಲ್ಲರ್ ಒಂದು ಸುತ್ತು. ವೇಗ ಇಳಿಯಿತು, ತಿರುಗಿಸುವ ಬಲ ಏರಿತು.

ಹೀಗೇಕೆ? ಎಂಜಿನ್ ಜೋರಾಗಿ ತಿರುಗಿದರೆ ಶಕ್ತಿ ಹೆಚ್ಚು. ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೇ ಗಾಳಿಯನ್ನು ಚೆನ್ನಾಗಿ ತಳ್ಳುತ್ತದೆ. ಅದರ ತುದಿ ಶಬ್ದದ ವೇಗ ಮುಟ್ಟಿತೆಂದರೆ ಸದ್ದು ಜಾಸ್ತಿ, ಕೆಲಸ ಕಡಿಮೆ. ಇಬ್ಬರ ನಡುವೆ ರಾಜಿ ಮಾಡಿಸಲು ಹಲ್ಲಿನ ಚಕ್ರ ಬೇಕು.

ಮುಂದೆ ಚೈನಿನ ಜಾಗಕ್ಕೆ ಗೇರು ಬಂತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಹಾರಿಸಿದ ಮರ್ಲಿನ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿತ್ತು. ಗೇರು ಅದನ್ನು ಅರ್ಧಕ್ಕಿಂತ ಕೆಳಗಿಳಿಸಿ ಪ್ರೊಪೆಲ್ಲರಿಗೆ ದಾಟಿಸುತ್ತಿತ್ತು.

ಬಹುತೇಕ ಜೆಟ್ ಎಂಜಿನ್‌ಗಳಲ್ಲಿ ಮುಂದಿನ ಫ್ಯಾನು, ಅದನ್ನು ತಿರುಗಿಸುವ ಟರ್ಬೈನು ಒಂದೇ ಶಾಫ್ಟಿನಲ್ಲಿ ಒಂದೇ ವೇಗಕ್ಕೆ ಕಟ್ಟುಬಿದ್ದಿವೆ. 2016ರಲ್ಲಿ ಏರ್‌ಬಸ್ ಎ320 ನಿಯೋ ಜೊತೆ ಸೇವೆಗಿಳಿದ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನಿನಲ್ಲಿ ಇವೆರಡರ ನಡುವೆ ಗೇರಿದೆ. ಗೇರಿನ ತೂಕ ಹೊರಬೇಕು ನಿಜ, ಆದರೆ ಇಂಧನ ಉಳಿಯುತ್ತದೆ, ಸದ್ದು ತಗ್ಗುತ್ತದೆ. ಅಲ್ಲೂ ಟರ್ಬೈನ್ ಸುಮಾರು ಮೂರು ಸುತ್ತು, ಫ್ಯಾನ್ ಒಂದು. ಸೈಕಲ್ ಅಂಗಡಿಯವರ ಲೆಕ್ಕ ಇನ್ನೂ ಹಳತಾಗಿಲ್ಲ.