ಡಿಸೆಂಬರ್ ಡಬ್ಬಿಯಲ್ಲಿ ಬಂದ ಚನ್ನಪಟ್ಟಣ

ಡಿಸೆಂಬರ್ ಎರಡನೇ ವಾರ ಬಂತು ಅಂದ್ರೆ ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಡಬ್ಬಿಗಳ ಗುಡ್ಡೆ ಬೆಳೆಯೋಕೆ ಶುರು. ಡೈರಿ, ಕ್ಯಾಲೆಂಡರ್, ಗೋಡಂಬಿ-ದ್ರಾಕ್ಷಿ, ನೀರಿನ ಬಾಟಲಿ. ನಮಗೆ ಜಾಹೀರಾತು ಕೊಡೋರಿಗೆ ನಾವು ಕಳಿಸ್ತೀವಿ, ನಮ್ಮಿಂದ ವ್ಯಾಪಾರ ಬಯಸೋರು ನಮಗೆ ಕಳಿಸ್ತಾರೆ. ಹೋದ ವರ್ಷ ನನ್ನ ಟೇಬಲ್ಲಿಗೆ ಬಂದ ಡಬ್ಬಿಯಲ್ಲಿ ಮರದ ಪೆನ್ ಸ್ಟ್ಯಾಂಡ್ ಒಂದಿತ್ತು. ಹಳದಿ, ಕೆಂಪು, ಹಸಿರು ಪಟ್ಟಿ, ಮುಖ ಕಾಣೋವಷ್ಟು ಹೊಳಪು. ಕೈಗೆತ್ತಿಕೊಂಡ ಕೂಡಲೇ ಗೊತ್ತಾಯ್ತು, ಇದು ಚನ್ನಪಟ್ಟಣದ್ದು. ತಿರುಗಿಸಿ ತಿರುಗಿಸಿ ನೋಡಿದೆ. ಕಳಿಸಿದ ಕಂಪನಿಯ ಲೋಗೋ ಇತ್ತು, ಹೊಸ ವರ್ಷದ ಶುಭಾಶಯ ಇತ್ತು. ಚನ್ನಪಟ್ಟಣ ಅನ್ನೋ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಇವತ್ತಿನ ಮಾತು ಆ ಕಾಣೆಯಾದ ಹೆಸರಿನ ಬಗ್ಗೆ.

ಕೊಡೋದು-ತಗೊಳ್ಳೋದು ನಮಗೇನು ಹೊಸದಲ್ಲ. ಹಳೇ ಮೈಸೂರು ಸೀಮೆಯಲ್ಲಿ ಅದಕ್ಕೆ ಒಳ್ಳೇ ಪದವೇ ಇದೆ, ಮುಯ್ಯಿ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರ್ತಾರೆ. ಇಂಥವರು 101 ರೂಪಾಯಿ, ಇಂಥವರು ಸ್ಟೀಲ್ ಬಿಂದಿಗೆ, ಎಲ್ಲ ಹೆಸರು ಸಮೇತ ದಾಖಲು. ನಾಳೆ ಅವರ ಮನೆ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡಲೇಬೇಕು. ಕಂಪನಿಗಳ ಇಯರ್ ಎಂಡ್ ಗಿಫ್ಟ್ ಅಂದ್ರೂ ಇಷ್ಟೇ ಅಲ್ವಾ? ನೋಟ್‌ಬುಕ್ ಜಾಗದಲ್ಲಿ ಎಕ್ಸೆಲ್ ಶೀಟ್ ಬಂದಿದೆ.

ಆದ್ರೆ ಡಿಸೆಂಬರ್ ಯಾಕೆ? ನಮ್ಮ ಹಣಕಾಸು ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಸಂಪ್ರದಾಯದ ವರ್ಷ ಶುರುವಾಗೋದು ಯುಗಾದಿಗೆ. ವ್ಯಾಪಾರಸ್ಥರು ಕೈ ಬಿಚ್ಚುತ್ತಿದ್ದದ್ದು ಆಯುಧಪೂಜೆಗೆ, ದೀಪಾವಳಿಗೆ. ಅಂಗಡಿಗೆ ಬೂದುಗುಂಬಳ ಒಡೆದು, ಕಡ್ಲೆಪುರಿ-ಸ್ವೀಟು ಕಟ್ಟಿ ಖಾಯಂ ಗಿರಾಕಿಗೆ ಕೊಡ್ತಿದ್ರು. ಡಿಸೆಂಬರ್ ಡಬ್ಬಿಗೆ ಬೆಂಗಳೂರಿನಲ್ಲಿ ಇಷ್ಟು ಬಲ ಬಂದಿದ್ದು ಐಟಿ ಕಂಪನಿಗಳ ಜೊತೆ, ಕ್ರಿಸ್‌ಮಸ್ ಆಚರಿಸುವ ಅವರ ವಿದೇಶಿ ಕ್ಲೈಂಟುಗಳ ಜೊತೆ. ಜಪಾನಿನಲ್ಲೂ ಇಂಥದ್ದೇ ಪದ್ಧತಿ ಇದೆ, ಹೆಸರು ಒಸೇಬೊ. ವರ್ಷವಿಡೀ ಉಪಕಾರ ಮಾಡಿದವರಿಗೆ, ಮೇಲಧಿಕಾರಿಗೆ, ವ್ಯವಹಾರದ ಪಾಲುದಾರರಿಗೆ ಡಿಸೆಂಬರ್‌ನಲ್ಲಿ ಎಣ್ಣೆಯೋ, ಸೋಪೋ, ತಿಂಡಿಯೋ ಕಳಿಸ್ತಾರೆ.

ಜಪಾನಿನ ಮಾತು ಸುಮ್ಮನೆ ತೆಗೆದಿಲ್ಲ. ರಾಮನಗರ ಸೀಮೆಯಲ್ಲಿ ಜಪಾನ್ ಅಂದ್ರೆ ಎಲ್ಲರಿಗೂ ನೆನಪಾಗೋದು ಬಿಡದಿಯ ಟೊಯೊಟಾ. ಅದು ಬಂದು ಕಾಲು ಶತಮಾನ ಆಯ್ತು. ಅದಕ್ಕೂ ಎಷ್ಟೋ ಮೊದಲೇ ಜಪಾನ್ ಇಲ್ಲಿಗೆ ಬಂದಿತ್ತು, ಗೊಂಬೆಯ ರೂಪದಲ್ಲಿ. ಚನ್ನಪಟ್ಟಣಕ್ಕೆ ಮರ ಕಡೆಯುವ ವಿದ್ಯೆ ಬಂದಿದ್ದು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನ ಕರೆಸಿದಾಗ ಅಂತ ಊರಿನವರು ಹೇಳ್ತಾರೆ. ಆ ವಿದ್ಯೆಗೆ ಜಪಾನಿನ ಗೊಂಬೆ ತಂತ್ರ ಕೂಡಿಸಿದವರು ಬಾವಾಸ್ ಮಿಯಾ. ಚನ್ನಪಟ್ಟಣ ಗೊಂಬೆಯ ಪಿತಾಮಹ ಅಂತ ಇವತ್ತಿಗೂ ಜನ ಅವರನ್ನ ನೆನೀತಾರೆ.

ನಾನು ಓದಿದ್ದು ಎಂಜಿನಿಯರಿಂಗ್. ವರ್ಕ್‌ಶಾಪ್ ಕ್ಲಾಸಲ್ಲಿ ಲೇತ್ ಮುಂದೆ ನಿಂತು ಬೆವರು ಸುರಿಸಿದವನು. ಹಾಗಾಗಿ ಚನ್ನಪಟ್ಟಣದ ಲೇತ್ ನೋಡಿದಾಗ ಬೆರಗಾಗಿಬಿಟ್ಟೆ. ಆಲೆ ಮರದ ತುಂಡು ಗಿರಗಿರ ತಿರುಗ್ತಾ ಇರುತ್ತೆ. ಉಳಿ ತಾಗಿಸಿದರೆ ಸಿಪ್ಪೆ ಸುರುಳಿಯಾಗಿ ಹಾರುತ್ತೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಒಲೆ ಇಲ್ಲ, ಬೆಂಕಿ ಇಲ್ಲ. ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಆಮೇಲೆ ಕೇದಗೆ ಗರಿ ಒತ್ತಿ ಹಿಡಿದರೆ ಆಯ್ತು, ಹೊಳಪು. ನಾವು ಕ್ಲಾಸಲ್ಲಿ ಫ್ರಿಕ್ಷನ್ ಅಂದ್ರೆ ನಷ್ಟ, ಕಡಿಮೆ ಮಾಡಬೇಕಾದ್ದು ಅಂತ ಕಲಿತಿದ್ವಿ. ಇವರು ಅದರಲ್ಲೇ ಊಟ ಸಂಪಾದಿಸ್ತಾರೆ.

2006ರ ಹೊತ್ತಿನ ಲೆಕ್ಕದಲ್ಲಿ ಚನ್ನಪಟ್ಟಣದಲ್ಲಿ 254 ಮನೆ ಘಟಕ, 50 ಸಣ್ಣ ಕಾರ್ಖಾನೆ, 6,000ಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ರು. ಭೌಗೋಳಿಕ ಸೂಚಕ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿದ್ದೂ ಆ ಸಮಯದಲ್ಲೇ, 2005-06ರಲ್ಲಿ. ಆದ್ರೆ ಅದೇ ಕಾಲಕ್ಕೆ ಬೆಂಗಳೂರಿನ ಮಕ್ಕಳ ಕೈಗೆ ಚೀನಾದ ಪ್ಲಾಸ್ಟಿಕ್ ಬಂದಿತ್ತು. ಬ್ಯಾಟರಿ ಹಾಕಿದರೆ ಓಡುತ್ತೆ, ಹಾಡುತ್ತೆ, ಬೆಲೆಯೂ ಕಮ್ಮಿ. ಮರದ ಬುಗುರಿ, ಗಿಲಕಿ ಅದರ ಮುಂದೆ ಹೇಗೆ ನಿಲ್ಲಬೇಕು? ಕೇಂದ್ರ ಸರ್ಕಾರ ಆಮದು ಆಟಿಕೆ ಮೇಲಿನ ಸುಂಕವನ್ನ 20ರಿಂದ 60 ಪರ್ಸೆಂಟಿಗೆ ಏರಿಸಿದ್ದು 2020ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಲೇತ್ ನಿಂತುಹೋಗಿತ್ತು.

ಉಳಿದವರು ಏನ್ ಮಾಡಿದ್ರು? ಮಕ್ಕಳನ್ನ ಬಿಟ್ಟು ಆಫೀಸಿನವರನ್ನ ಹಿಡಿದ್ರು. ಪೆನ್ ಸ್ಟ್ಯಾಂಡ್, ಕೀ ಚೈನ್, ಟೀ ಕೋಸ್ಟರ್, ಮೊಬೈಲ್ ಸ್ಟ್ಯಾಂಡ್. ಆಟಿಕೆ ಊರು ಉಡುಗೊರೆ ಊರಾಯ್ತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆದ ಮೇಲಂತೂ ಈ ದಾರಿ ಬಿಟ್ಟು ಬೇರೆ ದಾರಿ ಕಮ್ಮಿ. ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ, ಮಗು ಹಠ ಮಾಡಿತು ಅಂತ ಗೊಂಬೆ ಕೊಳ್ಳುತ್ತಿದ್ದ ಪ್ರವಾಸಿಗರು ಈಗ ಬೈಪಾಸಿನಲ್ಲೇ ಮೈಸೂರಿಗೆ ಹೋಗಿಬಿಡ್ತಾರೆ. ನಾನೂ ಹಾಗೇ ಹೋಗಿದ್ದೀನಿ, ಸುಳ್ಳು ಯಾಕೆ ಹೇಳಲಿ.

ಇಲ್ಲೊಂದು ತಮಾಷೆ ಇದೆ. ವ್ಯಾಪಾರದ ಉಡುಗೊರೆ ಅಂದ್ರೆ ತೆರಿಗೆ ಇಲಾಖೆಗೆ ಮೊದಲಿಂದ ಅನುಮಾನ. ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. 2022ರ ಜುಲೈ 1ರಿಂದ ಇನ್ನೊಂದು ನಿಯಮ. ವ್ಯವಹಾರದ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಸೌಲಭ್ಯ ಕೊಟ್ಟರೆ 10 ಪರ್ಸೆಂಟ್ ಟಿಡಿಎಸ್ ಕಟ್ಟಬೇಕು. ಔಷಧ ಕಂಪನಿಗಳು ಡಾಕ್ಟರ್‌ಗಳಿಗೆ ಕೊಡುವ ಗಿಫ್ಟನ್ನ ವ್ಯಾಪಾರದ ಖರ್ಚು ಅಂತ ತೋರಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ, ಫೆಬ್ರವರಿಯಲ್ಲಿ. ಸರಿಯಾಗೇ ಹೇಳಿತು. ಚಿನ್ನದ ನಾಣ್ಯ ಕೊಟ್ಟರೆ ಅದು ಮುಯ್ಯಿ ಅಲ್ಲ, ಬೇರೆಯದೇ ಹೆಸರಿದೆ ಅದಕ್ಕೆ. ಆದ್ರೆ ಮರದ ಪೆನ್ ಸ್ಟ್ಯಾಂಡ್ ನೋಡಿ ಯಾರೂ ಟೆಂಡರ್ ಬದಲಾಯಿಸಲ್ಲ. ಕಾನೂನು ಬಿಗಿಯಾದಷ್ಟೂ ಚನ್ನಪಟ್ಟಣದಂಥ ಸಣ್ಣ ಬೆಲೆಯ ಸಾಮಾನಿಗೆ ಅವಕಾಶ ಜಾಸ್ತಿ ಆಗಬೇಕು.

ಆಗಬೇಕು, ನಿಜ. ಅಲ್ಲಿಗೆ ಹೋಗಿ ನೋಡಿದಾಗ ಕಂಡಿದ್ದು ಬೇರೆ. ಹಸಿ ಮರ ಒಣಗೋಕೆ ಎರಡು-ಮೂರು ತಿಂಗಳು ಬೇಕು. ಒಣಗದೆ ಕಡೆದರೆ ಬಿರುಕು ಬಿಡುತ್ತೆ. ಕಾರ್ಪೊರೇಟ್ ಆರ್ಡರ್ ಬರೋದು ನವೆಂಬರ್ ಕೊನೆಗೆ, ಮಾಲು ಬೇಕಾಗಿರೋದು ಡಿಸೆಂಬರ್ 20ಕ್ಕೆ. ಮರ ಮುಂಚೆಯೇ ಕೊಂಡು ಒಣಗಿಸಿಟ್ಟುಕೊಳ್ಳೋಕೆ ಬಂಡವಾಳ ಇರೋದು ದೊಡ್ಡ ಏಜೆನ್ಸಿಗಳ ಹತ್ತಿರ. ಹಾಗಾಗಿ ಆರ್ಡರ್ ಅವರ ಹೆಸರಿಗೆ, ಪೀಸ್ ಲೆಕ್ಕದ ಕೂಲಿ ಇವರಿಗೆ. ಜನವರಿ ಬಂದರೆ ಅದೂ ಇಲ್ಲ. ಇನ್ನೊಂದು ಕಷ್ಟ ಯಾರಿಗೂ ಹೊಳೆಯಲ್ಲ. ಲೇತ್‌ನಲ್ಲಿ ತಿರುಗಿದ್ದೆಲ್ಲ ಗುಂಡಗೆ ಬರುತ್ತೆ, ಕಂಪನಿಗೆ ಲೋಗೋ ಹಾಕೋಕೆ ಬೇಕಾಗಿರೋದು ಚಪ್ಪಟೆ ಜಾಗ. ಅದಕ್ಕೇ ನನ್ನ ಪೆನ್ ಸ್ಟ್ಯಾಂಡಿಗೆ ಕೆಳಗೊಂದು ಚೌಕ ಹಲಗೆ ಅಂಟಿಸಿದ್ರು. ಲೇತ್ ಮುಟ್ಟದೇ ಇದ್ದ ಒಂದೇ ಭಾಗ ಅದು. ಹೆಸರು ಇದ್ದಿದ್ದು ಅದರ ಮೇಲೆ!

ಮುಯ್ಯಿ ಪುಸ್ತಕದಲ್ಲಿ ಕೊಟ್ಟವರ ಹೆಸರು ಇರುತ್ತೆ, ತಗೊಂಡವರ ಮನೆಯಲ್ಲಿ ಪುಸ್ತಕ ಇರುತ್ತೆ. ಬಿಂದಿಗೆ ಮಾಡಿದವನ ಹೆಸರನ್ನ ಅಲ್ಲಿ ಯಾರೂ ಬರೆಯಲ್ಲ, ಒಪ್ಪಿಕೊಳ್ತೀನಿ. ಆದ್ರೆ ಬಿಂದಿಗೆಗೆ ಜಿಐ ಟ್ಯಾಗ್ ಇರಲಿಲ್ಲ. ಇದಕ್ಕಿದೆ. ಡಬ್ಬಿಯೊಳಗೆ ಅಂಗೈಯಗಲದ ಒಂದು ಚೀಟಿ ಇಟ್ಟು, ಊರಿನ ಹೆಸರು, ಕಡೆದವರ ಹೆಸರು, ಫೋನ್ ನಂಬರ್ ಬರೆದರೆ ಕಂಪನಿಗೆ ಎಷ್ಟು ಖರ್ಚಾಗುತ್ತೆ? ಆ ಡಬ್ಬಿ ತೆರೆದ ನೂರು ಜನರಲ್ಲಿ ಇಬ್ಬರು ಏಪ್ರಿಲ್‌ನಲ್ಲಿ, ಮಗಳ ಹುಟ್ಟುಹಬ್ಬಕ್ಕೆ ಅಂತ, ನೇರವಾಗಿ ಫೋನ್ ಮಾಡಬಹುದು. ಡಿಸೆಂಬರ್ ಬಿಟ್ಟು ಬೇರೆ ತಿಂಗಳಲ್ಲೂ ಲೇತ್ ತಿರುಗೋದು ಹಾಗೆ.

ನಾನು ಹೋದ ದಿನ ಅಲ್ಲಿ ಕೆಲಸ ಮಾಡ್ತಿದ್ದ ಹಿರಿಯರಿಗೆ ನನ್ನ ಪೆನ್ ಸ್ಟ್ಯಾಂಡ್ ತೋರಿಸಿದೆ. ಕನ್ನಡಕ ಏರಿಸಿ ನೋಡಿದ್ರು, ಬೆರಳಲ್ಲಿ ಅಂಚು ಸವರಿದ್ರು. 'ಇದು ನಮ್ಮ ಬೀದಿಯದೇ ಸರ್, ಈ ಹಸಿರು ಹಾಕೋದು ಎರಡೇ ಮನೆಯವರು' ಅಂದ್ರು. ಯಾವ ಮನೆ ಅಂತ ಕೇಳಿದೆ. ಅವರು ಲೇತ್ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು, ತೋರಿಸೋಕೆ ಎದ್ದೇಬಿಟ್ರು.