ಸರಕು ಕಂಡರು, ಗಿಡ ಕಾಣಲಿಲ್ಲ

ಡೊಂಬಿವಲಿಯ ಕನ್ನಡ ಮನೆಗಳ ಸಾರಿನ ಪುಡಿಗೆ ಬೀಳುವ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಮೂರನ್ನೂ ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿದ್ದ ಥಿಯೊಫ್ರಾಸ್ಟಸ್ ಬಲ್ಲ. ಜೀರಿಗೆ ಹುಲುಸಾಗಿ ಬರಬೇಕಾದರೆ ಬಿತ್ತುವಾಗ ಬೈದು ಶಪಿಸಬೇಕೆಂಬ ನಂಬಿಕೆಯನ್ನೂ ಬರೆದಿಟ್ಟಿದ್ದಾನೆ. ಮೆಣಸಿನ ಮಾತು ಬಂದಾಗ ಮಾತ್ರ ಮೊಟಕು: ಒಂದು ಗುಂಡು, ಒಂದು ಉದ್ದ, ಎರಡೂ ಉಷ್ಣ, ವಿಷಕ್ಕೆ ಮದ್ದು. ಜೀರಿಗೆಯ ಹೊಲ ಅವನ ನಾಡಿನಲ್ಲೇ ಇತ್ತು. ಮೆಣಸು ಅವನವರೆಗೆ ಬಂದದ್ದು ಒಣಗಿದ ಕಾಳಾಗಿ. ಮುಂದೆ ಬಹುಕಾಲ, ಭಾರತದ ಮಟ್ಟಿಗೆ ಪಶ್ಚಿಮದ ಸಸ್ಯಜ್ಞಾನವೆಂದರೆ ಸರಕು ನೋಡಿ ಗಿಡ ಊಹಿಸುವ ವಿದ್ಯೆಯೇ.

ಕ್ರಿ.ಶ. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಸುಮಾರು 600 ಸಸ್ಯಗಳ ಔಷಧ ಗುಣ ಬರೆದ. ಯುರೋಪು ಆ ಗ್ರಂಥವನ್ನು ಸಾವಿರದೈನೂರು ವರ್ಷ ನೆಚ್ಚಿಕೊಂಡಿತು. ಅವನ ಪ್ರಕಾರ ಹಿಪ್ಪಲಿಯೆಂದರೆ ಮೆಣಸಿನ ಎಳೆಗಾಯಿ. ತಮಾಲಪತ್ರ ಬೇರೇ ಇಲ್ಲದೆ ಜೌಗಿನ ನೀರ ಮೇಲೆ ತೇಲುವ ಎಲೆ! ಅದೇ ಕಾಲದ ರೋಮನ್ ಲೇಖಕ ಪ್ಲಿನಿ ಬೆಲೆ ಕೊಡುತ್ತಾನೆ: ಒಂದು ರೋಮನ್ ಪೌಂಡ್ ಹಿಪ್ಪಲಿಗೆ 15 ದಿನಾರಿ, ಕರಿಮೆಣಸಿಗೆ 4.

ಆ ಶತಮಾನದ್ದೇ ಆದ, ಕರ್ತೃವಿನ ಹೆಸರಿಲ್ಲದ ಗ್ರೀಕ್ ವ್ಯಾಪಾರಿ ಕೈಪಿಡಿ ‘ಪೆರಿಪ್ಲಸ್’ನಲ್ಲಿ ಡೊಂಬಿವಲಿಯ ಪಕ್ಕದ ನಮ್ಮ ಕಲ್ಯಾಣವಿದೆ, ‘ಕಲ್ಲಿಯೆನ’ ಎಂದು. ಹಿಂದೆ ಅಧಿಕೃತ ಬಂದರು. ಈಗ ಅಲ್ಲಿಗೆ ಬಂದ ಗ್ರೀಕ್ ಹಡಗನ್ನು ಕಾವಲಿನಲ್ಲಿ ಭರೂಚಕ್ಕೆ ಒಯ್ಯಬಹುದು ಎಂಬ ಎಚ್ಚರಿಕೆಯಿದೆ. ಶಾತವಾಹನ–ಕ್ಷತ್ರಪರ ಪೈಪೋಟಿಯ ಫಲ ಇದೆಂದು ಇತಿಹಾಸಕಾರರು ಓದುತ್ತಾರೆ. ಹಾಗಾಗಿ ಜಟಾಮಾಂಸಿ, ಕೋಷ್ಠ, ಗುಗ್ಗುಳ, ಹಿಪ್ಪಲಿಗಳ ರಫ್ತಿನ ಪಟ್ಟಿ ಭರೂಚದ ಹೆಸರಿನಲ್ಲಿದೆ. ಆದರೂ ಕಲ್ಯಾಣದ ವರ್ತಕರು ಬಡವಾಗಿರಲಿಲ್ಲ. ಕಾನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ಈ ಊರಿನವರಿದ್ದಾರೆ. 6ನೇ ಶತಮಾನದ ಗ್ರೀಕ್ ಯಾತ್ರಿಕ ಕಾಸ್ಮಾಸ್ ಮತ್ತೆ ಇದನ್ನು ದೊಡ್ಡ ಬಂದರೆಂದೇ ಎಣಿಸಿ, ಇಲ್ಲಿಂದ ಹೋಗುವ ಬಟ್ಟೆಯ ಜೊತೆಗೆ ಒಂದು ಮರದ ದಿಮ್ಮಿಗಳನ್ನೂ ಹೇಳುತ್ತಾನೆ. ಅದು ಶೀಶಮ್ ಎಂಬುದು ಹಲವರ ಊಹೆ.

ಗಿಡದ ಬಳಿ ನಿಂತು ಗ್ರೀಕರನ್ನು ತಿದ್ದಿದವನು ಗಾರ್ಸಿಯಾ ದ ಓರ್ತಾ. 1534ರಲ್ಲಿ ಗೋವೆಗೆ ಬಂದ ಈ ಪೋರ್ಚುಗೀಸ್ ವೈದ್ಯನಿಗೆ, ಠಾಣೆಯ ಕೆಳಗಿನ ಮುಂಬಯಿ ದ್ವೀಪ ಗುತ್ತಿಗೆಗೆ ಸಿಕ್ಕಿತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಪುಸ್ತಕ ಸಂವಾದ ರೂಪದ್ದು. ಒಬ್ಬ ಪ್ರಾಚೀನರ ಗ್ರಂಥ ಹಿಡಿದು ಕೇಳುತ್ತಾನೆ, ಓರ್ತಾ ಕಂಡದ್ದನ್ನು ಹೇಳುತ್ತಾನೆ. ತಮಾಲಪತ್ರ ಮರದ ಎಲೆ, ಹಿಪ್ಪಲಿಯ ಬಳ್ಳಿಯೇ ಬೇರೆ. ಡಯಾಸ್ಕೊರಿಡಿಸ್‌ನನ್ನು ಹೀಗೆ ಅಲ್ಲಗಳೆಯಲು ಆಗ ಎದೆಗಾರಿಕೆ ಬೇಕಿತ್ತು. ಯೆಹೂದಿ ಮೂಲದ ಓರ್ತಾನ ಎಲುಬುಗಳನ್ನು ಧರ್ಮನ್ಯಾಯಾಲಯ 1580ರಲ್ಲಿ ಗೋರಿಯಿಂದ ತೆಗೆಸಿ ಸುಡಿಸಿತು; ಕಾರಣ ಸಸ್ಯಶಾಸ್ತ್ರವಲ್ಲ, ಮತ. ಅಷ್ಟರಲ್ಲಿ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಲ್ಯಾಟಿನ್‌ಗಿಳಿಸಿದ ಆ ಪುಸ್ತಕ ಯುರೋಪೆಲ್ಲ ಓಡಾಡುತ್ತಿತ್ತು.

ಆಮೇಲಿನದು ಗುರುತು ಹಚ್ಚುವ ಕೆಲಸ. 18ನೇ ಶತಮಾನದ ಕೊನೆಗೆ ವಿಲಿಯಂ ಜೋನ್ಸ್ ಪ್ರಾಚೀನರ ‘ನಾರ್ಡ್’ ಎಂಬ ಸುಗಂಧದ್ರವ್ಯ ಜಟಾಮಾಂಸಿಯೇ ಎಂದು ವಾದಿಸಿದರು. 1830ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ರಾಯ್ಲ್, ಆ ಪ್ರಾಚೀನರ ‘ಲೈಸಿಯಂ’ ಔಷಧಿಯನ್ನು ಮರದರಿಶಿನದ ಸಾರವೆಂದು ತೋರಿಸಿದರು.

ಗ್ರಂಥದಾಚೆಗೆ ಸಾಕ್ಷ್ಯ ಸಿಕ್ಕದ್ದು ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ. 1994ರಿಂದ ನಡೆದ ಉತ್ಖನನದಲ್ಲಿ, ದೇವಾಲಯದ ಅಂಗಳದಲ್ಲಿ ಹೂತಿದ್ದ ಭಾರತೀಯ ಹರವಿಯಲ್ಲಿ ಸುಮಾರು 7.5 ಕಿಲೋ ಕಾಳುಮೆಣಸಿತ್ತು. ನನಗೆ ಅದಕ್ಕಿಂತ ಹೆಚ್ಚು ಮುಖ್ಯವೆನಿಸುವುದು ಅಲ್ಲಿನ ಕಸದ ರಾಶಿ: ಅಕ್ಕಿ, ಹೆಸರುಕಾಳು, ತೆಂಗಿನ ಚಿಪ್ಪು. ಎಲ್ಲವೂ ಮಾರಲು ಹೋದ ಸರಕಾಗಿರಲಾರದು. ಇಲ್ಲಿಂದ ಹಡಗೇರಿ ಹೋದವರು ತಮ್ಮ ಊಟಕ್ಕೆಂದು ಕಟ್ಟಿಕೊಂಡದ್ದೂ ಅದರಲ್ಲಿ ಇದ್ದೀತು.