ಅಜ್ಜನ ಸರ್ಜು ಕೋಟು

ಸಿದ್ದಾಪುರದ ನಮ್ಮ ಮನೆಯ ಮೆತ್ತಿನ ಮೇಲೆ ಹಲಸಿನ ಮರದ ಪೆಟ್ಟಿಗೆಯೊಂದಿದೆ. ಅದರೊಳಗೆ, ಲಾವಂಚದ ಬೇರಿನ ನಡುವೆ, ಅಜ್ಜನ ಮುಚ್ಚುಗೊರಳಿನ ಕೋಟು ಇದೆ. ಬಟ್ಟೆ ಕಪ್ಪು ಸರ್ಜು, ವಿಲಾಯಿತಿಯ ಉಣ್ಣೆ. ಹೊಲಿದವನು ಮಾತ್ರ ಶಿರಸಿಯ ದರ್ಜಿ. ತೊಂಬತ್ತು ವರ್ಷ ಮೀರಿದರೂ ಹೆಗಲಿನ ಹೊಲಿಗೆ ಬಿಟ್ಟಿಲ್ಲ, ಅಸ್ತರು ಜೋತು ಬಿದ್ದಿಲ್ಲ. ಮಳೆಗಾಲ ಕಳೆದ ಮೇಲೆ ಅದನ್ನು ಬಿಸಿಲಿಗೆ ಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ಹಾಕುವಾಗಲೆಲ್ಲ, ಇಂಥ ಬಟ್ಟೆ ನಮ್ಮ ಘಟ್ಟ ಹತ್ತಿದ ಕಥೆ ನೆನಪಾಗುತ್ತದೆ.

ಬಟ್ಟೆ ಘಟ್ಟ ಹತ್ತುವ ಕಾಲಕ್ಕೆ ಹತ್ತಿ ಘಟ್ಟ ಇಳಿಯುತ್ತಿತ್ತು. ಧಾರವಾಡ ಸೀಮೆಯ ಹತ್ತಿ ಶಿರಸಿಗೆ ಬಂದು, ದೇವಿಮನೆ ಘಟ್ಟವಿಳಿದು, ಕುಮಟೆಯಲ್ಲಿ ಹಡಗೇರಿ ಮುಂಬಯಿ ಸೇರುತ್ತಿತ್ತು. ಅಲ್ಲಿಂದ ಮುಂದೆ ಇಂಗ್ಲೆಂಡಿಗೆ. ಬೆಳೆದ ನೆಲ ಧಾರವಾಡವಾದರೂ ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ‘ಕುಂಪ್ಟಾ’ ಎಂದೇ ಹೆಸರು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲಂಕಾಶೈರಿನ ಗಿರಣಿಗಳು ನಮ್ಮ ಹತ್ತಿಗಾಗಿ ಬಾಯಿ ಬಿಟ್ಟವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲಿಯೂ ಈ ಹತ್ತಿಯ ಕೈವಾಡವಿತ್ತು. ಮೂಟೆಯಾಗಿ ಹೋದದ್ದು ತಾನುತಾನಾಗಿ ಮರಳಿತು. ಅದರ ಜೊತೆಗೆ ಸರ್ಜು, ಫ್ಲಾನೆಲ್, ಬನಾತುಗಳೂ ಬಂದವು. ಕಚ್ಚೆಪಂಚೆಯ ಮೇಲೆ ಉಣ್ಣೆಯ ಕೋಟು ತೊಟ್ಟವನಿಗೆ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು.

ಆ ಬಟ್ಟೆಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಚಳಿಗೆ ಟ್ವೀಡು, ಬೇಸಗೆಗೆ ತೆಳುವಾದ ಫ್ಲಾನೆಲ್, ಮಳೆಗೆ ಗ್ಯಾಬರ್ಡೀನ್ ಎಂದು ಕಾಲಕ್ಕೊಂದು ಬಟ್ಟೆ ಮಾಡಿಕೊಂಡ ಜನ ಅವರು. ಆದರೆ ಅವುಗಳ ಮೂಲವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಟ್ವೀಡು ಸ್ಕಾಟ್ಲೆಂಡಿನ ಬಡ ರೈತರ, ಕುರಿಗಾಹಿಗಳ ಒರಟು ಬಟ್ಟೆ. ನಾವು ಜರ್ಸಿ ಎನ್ನುವ ಹೆಣೆದ ಅಂಗಿ ಅದೇ ಹೆಸರಿನ ದ್ವೀಪದ ಬೆಸ್ತರದು. ಟ್ವೀಡನ್ನು ದೊಡ್ಡ ಜಮೀನುದಾರರು ತಾವೇ ತೊಟ್ಟು ಮರ್ಯಾದೆ ತಂದುಕೊಟ್ಟರು. ಹ್ಯಾರಿಸ್ ಟ್ವೀಡಿಗಾಗಿ 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು: ಔಟರ್ ಹೆಬ್ರಿಡೀಸ್ ದ್ವೀಪಗಳ ನೇಕಾರ ತನ್ನ ಮನೆಯಲ್ಲಿ ಕೈಯಿಂದ ನೇಯ್ದದ್ದಲ್ಲದೆ ಬೇರೆಯದಕ್ಕೆ ಆ ಹೆಸರು ಸಲ್ಲದು.

ನಮ್ಮಲ್ಲಿಯೂ ಅಂಥದೊಂದು ಬಟ್ಟೆಯಿತ್ತಲ್ಲ! ಬಯಲುಸೀಮೆಯ ಕುರುಬರು ಕರಿಯ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕಂಬಳಿ. ವರ್ಷಕ್ಕೆ ನೂರು ಅಂಗುಲ ಮಳೆ ಸುರಿಯುವ ನಮ್ಮ ಊರಿನಲ್ಲಿ ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ನೀರು ಜಾರಿ ಹೋಗುತ್ತದೆ. ನೆನೆದರೂ ಮೈ ಬೆಚ್ಚಗಿರುತ್ತದೆ. ಗುಣದಲ್ಲಿ ಅದು ಟ್ವೀಡಿನ ಅಣ್ಣನೋ ತಮ್ಮನೋ ಆಗಬೇಕು. ಆದರೂ ಕೋಟು ಪೆಟ್ಟಿಗೆಯೊಳಗೆ, ಕಂಬಳಿ ಕೊಟ್ಟಿಗೆಯ ಗೂಟಕ್ಕೆ. ಅದು ಆಳುಗಳ ಹೊದಿಕೆ ಎಂದು ನಾವು ಎಣಿಸಿದ್ದೆವು.

1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಬೆನ್ನಿಗೇ ವಿದೇಶೀ ಬಟ್ಟೆಯ ಬಹಿಷ್ಕಾರ, ಆಮೇಲೆ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ. ರೈತರ ಜಮೀನುಗಳು ಹರಾಜಾದವು. ಹರಾಜು ಹಿಡಿದವರ ಮನೆಯ ಮುಂದೆ ಸಿದ್ದಾಪುರದ ಹೆಣ್ಣುಮಕ್ಕಳು ಉಪವಾಸ ಕೂತರು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆಯೇ ಆ ನೆಲ ಹಿಂದಿರುಗುವ ದಾರಿಯಾದದ್ದು.

ಅಜ್ಜ ಕೋಟು ಬಿಚ್ಚಿದ್ದು ಆ ದಿನಗಳಲ್ಲಿ. ಸುಡಲು ಅವರಿಗೆ ಮನಸ್ಸಾಗಲಿಲ್ಲವಂತೆ. ‘ಬಟ್ಟೆ ಅವರದು, ಹೊಲಿಗೆ ನಮ್ಮದು’ ಎಂದು ಪೆಟ್ಟಿಗೆಯಲ್ಲಿಟ್ಟರು. ಖಾದಿ ತೊಟ್ಟರು. ಆದರೆ ಆಷಾಢದ ಮಳೆಯಲ್ಲಿ ನೆನೆದ ಖಾದಿ ಎರಡು ದಿನವಾದರೂ ಒಣಗದು. ಒಂದು ಬೆಳಿಗ್ಗೆ ಅಜ್ಜ ಕೊಟ್ಟಿಗೆಗೆ ಹೋಗಿ ಗೂಟದಲ್ಲಿದ್ದ ಕಂಬಳಿ ತೆಗೆದು ಕೊಪ್ಪೆ ಹಾಕಿಕೊಂಡು ತೋಟಕ್ಕೆ ನಡೆದರಂತೆ. ಅಂಗಳದಲ್ಲಿದ್ದ ಆಳು ಯಜಮಾನರ ಗುರುತು ಸಿಗದೆ ‘ಯಾರದು?’ ಎಂದು ಕೂಗಿದನೆಂದು ಅಜ್ಜಿ ಹೇಳಿ ನಗುತ್ತಿದ್ದರು. ನಮ್ಮ ಮನೆಯಲ್ಲಿ ಸ್ವದೇಶಿಯ ಅರ್ಥ ತಿಳಿದದ್ದು ಆ ಬೆಳಿಗ್ಗೆ ಎಂದು ನಾನು ಭಾವಿಸಿದ್ದೇನೆ.

ಆ ತಿಳಿವಳಿಕೆ ಬಹಳ ಕಾಲ ಉಳಿಯಲಿಲ್ಲ. ಪ್ಲಾಸ್ಟಿಕ್ ಹಾಳೆ ಬಂತು, ರೇನ್‌ಕೋಟು ಬಂತು. ಕಂಬಳಿ ಮತ್ತೆ ಗೂಟಕ್ಕೆ ಹೋಯಿತು. ಅಜ್ಜನ ಕೋಟು ಇಂದಿಗೂ ಇದೆ. ಅವರು ಹೊದ್ದ ಕಂಬಳಿ ಇಲ್ಲ. ಅದನ್ನು ಪೆಟ್ಟಿಗೆಯಲ್ಲಿ ಇಡಬೇಕೆಂದು ನಮಗ್ಯಾರಿಗೂ ತೋಚಲಿಲ್ಲ.